ಚಂದಾದಾರ, ಓದುಗ, ಕೇಳುಗ: ಸುದ್ದಿಪತ್ರದ ‘ಬೆಳವಣಿಗೆ’ ಮತ್ತು ಗಡಿನಾಡಿನ ಕನ್ನಡ

೧

ಅಂತರ್ಜಾಲದ ಸುದ್ದಿಪತ್ರವೊಂದಕ್ಕೆ ಓದುಗರನ್ನು ಗಳಿಸುವುದು ಹೇಗೆ ಎಂಬ ಪ್ರಶ್ನೆಯ ಸುತ್ತ ಇಂಗ್ಲಿಷಿನಲ್ಲಿ ಒಂದು ಉಪದೇಶಸಾಹಿತ್ಯವೇ ಬೆಳೆದು ನಿಂತಿದೆ. ಕೈಪಿಡಿ, ಸಂದರ್ಶನ, ಸ್ವಾನುಭವಕಥನ ಮೊದಲಾದ ರೂಪಗಳಲ್ಲಿ ಹರಡಿರುವ ಈ ಬರವಣಿಗೆಯನ್ನು ಸಾಹಿತ್ಯವಿಮರ್ಶೆಯು ವ್ಯಾಪಾರದ ಮಾತೆಂದು ಬದಿಗಿಡುವುದು ವಾಡಿಕೆ. ಆದರೆ ಗಡಿನಾಡಿನ ಕನ್ನಡ ಸಂಘವಾಗಲಿ ಸಂಶೋಧನ ಕೇಂದ್ರವಾಗಲಿ ಮುದ್ರಣದ ವೆಚ್ಚವನ್ನು ತಾಳಲಾರದೆ ಮಿಂಚಂಚೆಯತ್ತ ಹೊರಳಬಯಸಿದಾಗ ಅದರ ಕೈಗೆ ಮೊದಲು ಸಿಗುವ ಮಾರ್ಗದರ್ಶನ ಇದೇ. ಹೀಗಾಗಿ ಇದನ್ನು ಒಂದು ಪಠ್ಯಸಮೂಹವೆಂದು ಪರಿಗಣಿಸಿ, ಇದರ ಪದಗಳನ್ನೂ ಪೂರ್ವಗ್ರಹೀತಗಳನ್ನೂ ಪರೀಕ್ಷಿಸುವುದು ಅಗತ್ಯವಾಗಿದೆ. ಈ ಸಾಹಿತ್ಯವು ಓದುಗನನ್ನು ಹೇಗೆ ಕಲ್ಪಿಸಿಕೊಳ್ಳುತ್ತದೆ, ಆ ಕಲ್ಪನೆಯೊಳಗೆ ಕಾಸರಗೋಡು, ತಾಳವಾಡಿ ಅಥವಾ ಜತ್ತದ ಕನ್ನಡಿಗನಿಗೆ ಸ್ಥಳವಿದೆಯೇ ಎಂಬುದು ಇಲ್ಲಿನ ಪ್ರಶ್ನೆ.

ಈ ಸಾಹಿತ್ಯದ ಮೂಲಪಠ್ಯಗಳಲ್ಲಿ ಒಂದೆಂದು ಕೆವಿನ್ ಕೆಲ್ಲಿ ೨೦೦೮ರಲ್ಲಿ ಪ್ರಕಟಿಸಿದ ‘ಸಾವಿರ ನಿಜ ಅಭಿಮಾನಿಗಳು’ ಎಂಬ ಪ್ರಬಂಧವನ್ನು ಹೆಸರಿಸಬಹುದು. ಸೃಜನಶೀಲ ವ್ಯಕ್ತಿಗೆ ಲಕ್ಷಾಂತರ ಜನರ ಮನ್ನಣೆ ಬೇಕಿಲ್ಲ. ವರ್ಷಕ್ಕೆ ತಲಾ ನೂರು ಡಾಲರು ವ್ಯಯಿಸಲು ಸಿದ್ಧರಿರುವ ಸಾವಿರ ಜನ ಸಿಕ್ಕರೆ ಬದುಕು ಸಾಗುತ್ತದೆ ಎಂಬುದು ಅದರ ಸಾರ. ಮೇಲ್ನೋಟಕ್ಕೆ ಇದು ಸಣ್ಣ ಭಾಷೆಗಳಿಗೆ ಅಭಯ ನೀಡುವ ಲೆಕ್ಕಾಚಾರ. ಸಂಖ್ಯೆಯ ದುರಾಶೆಯನ್ನು ತಗ್ಗಿಸಿ, ಬರೆಯುವವನಿಗೂ ಓದುವವನಿಗೂ ನಡುವೆ ನೇರ ಸಂಬಂಧವನ್ನು ಎತ್ತಿಹಿಡಿದದ್ದು ಅದರ ನಿಜವಾದ ಗುಣ. ಆದರೆ ಆ ಲೆಕ್ಕ ನಿಂತಿರುವುದು ಎರಡು ಊಹೆಗಳ ಮೇಲೆ. ಆ ಸಾವಿರ ಜನ ಈಗಾಗಲೇ ಎಲ್ಲೋ ಇದ್ದಾರೆ, ಅವರನ್ನು ಹುಡುಕಿದರೆ ಸಾಕು ಎಂಬುದು ಒಂದು. ಹುಡುಕಿ ತಲುಪಿದ ಮೇಲೆ ಅವರು ಓದಬಲ್ಲರು ಎಂಬುದು ಇನ್ನೊಂದು. ಇಂಗ್ಲಿಷಿನಂತಹ ಭಾಷೆಗೆ ಈ ಎರಡನ್ನೂ ಹೇಳುವ ಅಗತ್ಯವೇ ಬೀಳುವುದಿಲ್ಲ. ಗಡಿನಾಡಿನಲ್ಲಿ ಈ ಎರಡೂ ಸಿದ್ಧಸಂಗತಿಗಳಲ್ಲ.

೨

ಪದಗಳಿಂದಲೇ ಆರಂಭಿಸುವುದು ಸೂಕ್ತ. ಈ ಸಾಹಿತ್ಯದ ಕೇಂದ್ರಪದ ‘ಆಡಿಯನ್ಸ್’. ಕೇಳು ಎಂಬ ಅರ್ಥದ ಲ್ಯಾಟಿನ್ ಧಾತುವಿನಿಂದ ಬಂದ ಈ ಪದ ಮೂಲತಃ ಕಿವಿಗೆ ಸಂಬಂಧಿಸಿದ್ದು. ಇಂದಿನ ಬಳಕೆಯಲ್ಲಿ ಅದು ಕಿವಿಯನ್ನೂ ಕಣ್ಣನ್ನೂ ಬಿಟ್ಟು ವಿಳಾಸಗಳ ಪಟ್ಟಿಯಾಗಿದೆ. ಕನ್ನಡ ಪತ್ರಿಕಾವ್ಯವಹಾರ ಬೆಳೆಸಿಕೊಂಡ ಪದ ‘ಚಂದಾದಾರ’. ಪಾರಸೀ ಪ್ರತ್ಯಯವನ್ನು ಹೊತ್ತ ಈ ಪದದಲ್ಲಿ ಕರ್ತೃತ್ವ ಓದುಗನದು: ಚಂದಾ ಕೊಟ್ಟವನು ಅವನು, ಪತ್ರಿಕೆ ಬಾರದಿದ್ದರೆ ಕೇಳುವ ಹಕ್ಕುಳ್ಳವನೂ ಅವನೇ. ‘ಆಡಿಯನ್ಸ್ ಬೆಳೆಸುವುದು’ ಎಂಬ ಪ್ರಯೋಗದಲ್ಲಿ ಓದುಗ ಬೆಳೆಗೆ ಸಮಾನ; ಬಿತ್ತುವವನೂ ಕೊಯ್ಯುವವನೂ ಪ್ರಕಾಶಕ. ಈ ವ್ಯತ್ಯಾಸವನ್ನು ಕೇವಲ ಶಬ್ದಚಮತ್ಕಾರವೆಂದು ತಳ್ಳಿಹಾಕಲಾಗದು. ಮೊದಲನೆಯದರಲ್ಲಿ ಪತ್ರಿಕೆ ಓದುಗನಿಗೆ ಉತ್ತರದಾಯಿ. ಎರಡನೆಯದರಲ್ಲಿ ಓದುಗನೇ ಪತ್ರಿಕೆಯ ಆಸ್ತಿ.

ಕನ್ನಡ ಪತ್ರಿಕೋದ್ಯಮದ ಚರಿತ್ರೆಯಲ್ಲಿ ಓದುಗವಲಯದ ವಿಸ್ತರಣೆ ಬೇರೆಯೇ ರೀತಿಯಲ್ಲಿ ನಡೆಯಿತು. ಬಾಸೆಲ್ ಮಿಶನ್ನಿನ ಹರ್ಮನ್ ಮೋಗ್ಲಿಂಗ್ ೧೮೪೩ರ ಜುಲೈ ೧ರಂದು ಕಲ್ಲಚ್ಚಿನಲ್ಲಿ ಹೊರತಂದ ‘ಮಂಗಳೂರ ಸಮಾಚಾರ’ ಮರುವರ್ಷ ಬಳ್ಳಾರಿಗೆ ಸ್ಥಳಾಂತರಗೊಂಡಾಗ ‘ಕನ್ನಡ ಸಮಾಚಾರ’ವಾಯಿತು. ಎರಡೂ ಊರುಗಳು ಅಂದು ಮದರಾಸು ಪ್ರಾಂತಕ್ಕೆ ಸೇರಿದ್ದವು. ಊರಿನ ಹೆಸರನ್ನು ಬಿಟ್ಟು ಭಾಷೆಯ ಹೆಸರನ್ನು ತಳೆದ ಈ ಬದಲಾವಣೆಯಲ್ಲಿ ಒಂದು ಓದುಗಕಲ್ಪನೆ ಅಡಗಿದೆ. ಆಡಳಿತದ ಗಡಿಗಳಿಗೆ ಬದ್ಧವಲ್ಲದ, ಒಂದು ಭಾಷೆಯನ್ನು ಓದಬಲ್ಲವರೆಲ್ಲರ ಸಮುದಾಯ ಅದು. ಕರ್ನಾಟಕವೆಂಬ ರಾಜಕೀಯ ಘಟಕ ಹುಟ್ಟುವುದಕ್ಕೆ ಶತಮಾನಕ್ಕೂ ಮುಂಚೆ ಕನ್ನಡದ ಓದುಗನನ್ನು ಹೀಗೆ ಸಂಬೋಧಿಸಲಾಗಿತ್ತು. ಆ ಪತ್ರಿಕೆ ಅಲ್ಪಾಯುವಾದದ್ದು ನಿಜ. ಆದರೆ ಅದು ಸಂಬೋಧಿಸಿದ ಸಮುದಾಯ ಉಳಿದುಕೊಂಡಿತು. ೧೯೫೬ರ ಬಳಿಕ ಗಡಿಯಾಚೆ ಉಳಿದ ಕನ್ನಡಿಗರು ಆ ಹಳೆಯ ಕಲ್ಪನೆಯ ವಾರಸುದಾರರೇ ಹೊರತು ರಾಜ್ಯವೊಂದರ ಅಂಚಿನ ಅನುಬಂಧವಲ್ಲ.

ಎರಡನೆಯ ನಿದರ್ಶನ ಗಳಗನಾಥರದು. ವೆಂಕಟೇಶ ತಿರಕೋ ಕುಲಕರ್ಣಿ (೧೮೬೯–೧೯೪೨) ಕಾದಂಬರಿಗಳನ್ನು ಬರೆದರು, ‘ಸದ್ಬೋಧ ಚಂದ್ರಿಕೆ’ಯನ್ನು ನಡೆಸಿದರು, ಪುಸ್ತಕಗಳ ಹೊರೆ ಹೊತ್ತು ಊರೂರು ತಿರುಗಿ ಮಾರಿದರು. ಈ ಕೊನೆಯ ಸಂಗತಿಯನ್ನು ತ್ಯಾಗದ ಕಥೆಯಾಗಿ ಹೇಳುವುದೇ ಹೆಚ್ಚು. ಅದರ ಹಿಂದಿನ ಸಾಂಸ್ಕೃತಿಕ ವಿವೇಕವನ್ನು ಗುರುತಿಸಿದವರು ಕಡಿಮೆ. ಮುಂಬಯಿ ಪ್ರಾಂತದ ಕನ್ನಡ ಜಿಲ್ಲೆಗಳಲ್ಲಿ ಶಿಕ್ಷಣದ ಭಾಷೆ ಮರಾಠಿಯಾಗಿದ್ದ ಸ್ಥಿತಿಯನ್ನು ಡೆಪ್ಯುಟಿ ಚನ್ನಬಸಪ್ಪನವರು ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಕನ್ನಡ ಶಾಲೆಗಳ ಮೂಲಕ ಬದಲಿಸಲು ತೊಡಗಿದ್ದರು. ಅಕ್ಷರ ಕಲಿತವರಿಗೆ ಓದಲು ಏನಾದರೂ ಬೇಕಿತ್ತು. ಗಳಗನಾಥರು ಹರಿ ನಾರಾಯಣ ಆಪಟೆಯವರ ಐತಿಹಾಸಿಕ ಕಾದಂಬರಿಗಳನ್ನು ಕನ್ನಡಕ್ಕೆ ತಂದರು. ಎಂದರೆ ಮರಾಠಿಯಲ್ಲಿ ರುಚಿ ಪಡೆದಿದ್ದ ದ್ವಿಭಾಷಿಕ ಓದುಗನಿಗೆ ಅದೇ ರುಚಿಯನ್ನು ಕನ್ನಡದಲ್ಲಿ ಒದಗಿಸಿದರು. ನೆರೆಭಾಷೆಯನ್ನು ಅವರು ಶತ್ರುವೆಂದು ಬಗೆಯಲಿಲ್ಲ, ಸೇತುವೆಯಾಗಿ ಬಳಸಿದರು. ಶಾಲೆ, ಕಥೆ, ಕಾಲ್ನಡಿಗೆ ಈ ಮೂರೂ ಕೂಡಿದಾಗ ಓದುಗ ‘ಸಿಕ್ಕಿದ್ದಲ್ಲ’, ಉಂಟಾದ. ಬೆಳವಣಿಗೆಯ ಉಪದೇಶಸಾಹಿತ್ಯದಲ್ಲಿ ಮೂರನೆಯದಕ್ಕೆ ಮಾತ್ರ ಸಂವಾದಿಯಿದೆ. ಮೊದಲ ಎರಡಕ್ಕೆ ಇಲ್ಲ.

೩

ಈಗ ಆ ಸಾಹಿತ್ಯದ ಸಲಹೆಗಳನ್ನು ಒಂದೊಂದಾಗಿ ತೂಗಿ ನೋಡಬಹುದು. ಪಟ್ಟಿ ನಿಮ್ಮದೇ ಆಗಿರಲಿ, ಬೇರೆಯವರ ಅಂಗಳದಲ್ಲಿ ಮನೆ ಕಟ್ಟಬೇಡಿ ಎಂಬುದು ಅದರ ಅತ್ಯಂತ ಗಟ್ಟಿಯಾದ ಸಲಹೆ. ಇದನ್ನು ಒಪ್ಪಲೇಬೇಕು. ೨೦೧೦ರಲ್ಲಿ ಆರಂಭವಾದ ಟೈನಿಲೆಟರ್ ೨೦೨೪ರ ಫೆಬ್ರವರಿಯಲ್ಲಿ ಮುಚ್ಚಿತು. ಟ್ವಿಟರ್ ೨೦೨೧ರಲ್ಲಿ ಕೊಂಡ ರೆವ್ಯೂ ೨೦೨೩ರ ಜನವರಿಯಲ್ಲಿ ನಿಂತಿತು. ಗೂಗಲ್ ರೀಡರ್ ನಿವೃತ್ತಿಯಾದದ್ದು ೨೦೧೩ರ ಜುಲೈ ೧ರಂದು. ಕನ್ನಡ ಪತ್ರಿಕಾದಿನವೂ ಅದೇ ಎಂಬುದು ಆಕಸ್ಮಿಕ. ಸಂಸ್ಥೆಗಳು ಅಳಿದರೂ ಮಿಂಚಂಚೆ ಉಳಿದಿದೆ. ಏಕೆಂದರೆ ೧೯೮೨ರಿಂದ ಚಾಲ್ತಿಯಲ್ಲಿರುವ ಅದರ ರವಾನೆಯ ಮುಕ್ತ ನಿಯಮಾವಳಿ ಯಾವ ಒಬ್ಬ ಮಾಲೀಕನ ಸೊತ್ತೂ ಅಲ್ಲ. ವಿಳಾಸಪಟ್ಟಿಯ ಪ್ರತಿಯೊಂದನ್ನು ತನ್ನಲ್ಲಿಟ್ಟುಕೊಂಡ ಸಂಘ ವೇದಿಕೆ ಕುಸಿದರೂ ಉಳಿಯುತ್ತದೆ.

ಆದರೆ ‘ಶಿಫಾರಸು’ಗಳ ಮೂಲಕ ಬೆಳೆಯಿರಿ ಎಂಬ ಸಲಹೆಯ ವಿಷಯ ಹಾಗಲ್ಲ. ೨೦೧೭ರಲ್ಲಿ ಆರಂಭವಾಗಿ, ಪಾವತಿ ಚಂದಾದ ಶೇಕಡಾ ೧೦ನ್ನು ತನ್ನ ಪಾಲಾಗಿ ಪಡೆಯುವ ಸಬ್‌ಸ್ಟ್ಯಾಕ್, ೨೦೨೨ರಲ್ಲಿ ಒಂದು ಸುದ್ದಿಪತ್ರ ಮತ್ತೊಂದನ್ನು ಓದುಗರಿಗೆ ಸೂಚಿಸುವ ವ್ಯವಸ್ಥೆಯನ್ನು ತಂದಿತು. ಅಸಂಖ್ಯ ಪತ್ರಗಳಿರುವ ಭಾಷೆಯಲ್ಲಿ ಇದು ನದಿಯಿಂದ ಕಾಲುವೆ ತೆಗೆದಂತೆ. ಬೆರಳೆಣಿಕೆಯ ಪತ್ರಗಳಿರುವ ಭಾಷೆಯಲ್ಲಾದರೋ ಒಂದೇ ಕೊಡದ ನೀರು ಪಾತ್ರೆಯಿಂದ ಪಾತ್ರೆಗೆ ಸುರಿಯಲ್ಪಡುತ್ತದೆ. ಎಲ್ಲ ಪಟ್ಟಿಗಳೂ ಬೆಳೆದಂತೆ ಕಾಣುತ್ತವೆ. ಓದುಗ ಮಾತ್ರ ಒಬ್ಬನೂ ಹೆಚ್ಚುವುದಿಲ್ಲ.

ಅಳತೆಯ ವಿಷಯವೂ ಹೀಗೆಯೇ. ‘ತೆರೆದವರ ಪ್ರಮಾಣ’ ಎಂಬ ಸಂಖ್ಯೆ ಪತ್ರದೊಳಗೆ ಅಡಗಿಸಿದ ಕಣ್ಣಿಗೆ ಕಾಣದ ಚಿತ್ರವೊಂದು ಸರ್ವರಿನಿಂದ ಇಳಿಯಿತೇ ಎಂಬುದನ್ನು ಅವಲಂಬಿಸಿದೆ. ೨೦೨೧ರ ಸೆಪ್ಟೆಂಬರಿನಿಂದ ಆ್ಯಪಲ್ ತನ್ನ ಅಂಚೆ ತಂತ್ರಾಂಶದಲ್ಲಿ ತಂದ ಖಾಸಗಿತನದ ರಕ್ಷಣೆಯನ್ನು ಆಯ್ದುಕೊಂಡವರಿಗೆ, ಓದುಗ ಪತ್ರವನ್ನು ತೆರೆಯದಿದ್ದರೂ ಆ ಚಿತ್ರ ಮುಂಚಿತವಾಗಿಯೇ ಇಳಿಯುತ್ತದೆ. ತೆರೆಯದವನೂ ತೆರೆದವನೆಂದು ಎಣಿಕೆಯಾಗುತ್ತಾನೆ.

ಇನ್ನು ಲಿಪಿಯ ಪ್ರಶ್ನೆ. ಈ ಉಪದೇಶಸಾಹಿತ್ಯವು ಪತ್ರದ ಉದ್ದದ ಬಗ್ಗೆ ಮಾತಾಡುವಾಗ ರೋಮನ್ ಲಿಪಿಯನ್ನು ಸಾರ್ವತ್ರಿಕವೆಂದು ಭಾವಿಸುತ್ತದೆ. ಯುಟಿಎಫ್-೮ ಸಂಕೇತಕ್ರಮದಲ್ಲಿ ರೋಮನ್ ಅಕ್ಷರಕ್ಕೆ ಒಂದು ಬೈಟ್ ಸಾಕಾದರೆ ಕನ್ನಡದ ಪ್ರತಿ ಸಂಕೇತಕ್ಕೆ ಮೂರು ಬೈಟ್ ಬೇಕು. ‘ಸ್ತ್ರೀ’ ಎಂಬ ಒಂದೇ ಅಕ್ಷರ ಆರು ಸಂಕೇತಗಳಿಂದ ಕೂಡಿದ್ದು ೧೮ ಬೈಟ್‌ಗಳನ್ನು ತೆಗೆದುಕೊಳ್ಳುತ್ತದೆ. ಜಿಮೇಲ್ ಸುಮಾರು ೧೦೨ ಕಿಲೋಬೈಟ್ ಮೀರಿದ ಪತ್ರವನ್ನು ಕತ್ತರಿಸಿ, ಉಳಿದುದನ್ನು ಒಂದು ಕೊಂಡಿಯ ಹಿಂದೆ ಮರೆಮಾಡುತ್ತದೆ. ಇಂಗ್ಲಿಷಿನ ದೀರ್ಘಪ್ರಬಂಧ ನಿರಾಯಾಸವಾಗಿ ಹಿಡಿಸುವ ಮಿತಿಯೊಳಗೆ ಕನ್ನಡದ ಅಷ್ಟೇ ದೀರ್ಘವಾದ ವಿಮರ್ಶೆ, ವಿನ್ಯಾಸದ ಸಂಕೇತಗಳೂ ಸೇರಿ, ಅರ್ಧಕ್ಕೆ ನಿಲ್ಲಬಹುದು. ಎಣಿಸುವ ಚಿತ್ರ ಪತ್ರದ ಕೊನೆಯಲ್ಲಿದ್ದರೆ ಓದಿದವನೂ ಲೆಕ್ಕಕ್ಕೆ ಸಿಗುವುದಿಲ್ಲ. ಯಾರೂ ದ್ವೇಷದಿಂದ ರೂಪಿಸಿದ ನಿಯಮವಲ್ಲ ಇದು. ಆದರೂ ತಟಸ್ಥವೆನಿಸುವ ತಾಂತ್ರಿಕ ಮಿತಿಯೊಳಗೆ ಒಂದು ಲಿಪಿಯ ಅಳತೆ ಹೇಗೆ ಎಲ್ಲ ಲಿಪಿಗಳ ಅಳತೆಯಾಗುತ್ತದೆ ಎಂಬುದನ್ನು ಇದು ತೋರಿಸುತ್ತದೆ.

೪

ಆದರೆ ಹೆಚ್ಚು ಗಂಭೀರವಾದ ಪ್ರಶ್ನೆ ಪತ್ರ ತಲುಪಿದ ನಂತರದ್ದು. ತಮಿಳುನಾಡಿನಲ್ಲಿ ೨೦೦೬ರಲ್ಲಿ, ಕೇರಳದಲ್ಲಿ ೨೦೧೭ರಲ್ಲಿ, ತೆಲಂಗಾಣದಲ್ಲಿ ೨೦೧೮ರಲ್ಲಿ, ಮಹಾರಾಷ್ಟ್ರದಲ್ಲಿ ೨೦೨೦ರಲ್ಲಿ ಆಯಾ ರಾಜ್ಯಭಾಷೆಯ ಕಲಿಕೆಯನ್ನು ಶಾಲೆಗಳಲ್ಲಿ ಕಡ್ಡಾಯಗೊಳಿಸುವ ಕಾಯ್ದೆಗಳು ಬಂದವು. ಇವುಗಳಲ್ಲಿ ಯಾವುದೂ ಕನ್ನಡವನ್ನು ನಿಷೇಧಿಸುವುದಿಲ್ಲ. ರಾಜ್ಯದ ಭಾಷೆಯನ್ನು ಕಲಿಯುವುದು ಅಲ್ಲಿ ಬಾಳುವವರಿಗೆ ಹಿತವೂ ಹೌದು. ಆದರೆ ವೇಳಾಪಟ್ಟಿಯೊಳಗೆ ಇಂಗ್ಲಿಷಿಗೂ ರಾಜ್ಯಭಾಷೆಗೂ ಸ್ಥಾನ ಖಚಿತವಾದ ಮೇಲೆ ಮೂರನೆಯದಾಗಿ ಬರುವ ಮನೆಮಾತು ಪಾಲಕರ ಸಂಕಲ್ಪವನ್ನೂ ಶಿಕ್ಷಕರ ಲಭ್ಯತೆಯನ್ನೂ ಅವಲಂಬಿಸಬೇಕಾಗುತ್ತದೆ. ಇದರ ಫಲವಾಗಿ ಕನ್ನಡವನ್ನು ನಿರರ್ಗಳವಾಗಿ ಆಡುವ, ಆದರೆ ಮಲಯಾಳ, ತಮಿಳು ಅಥವಾ ದೇವನಾಗರಿ ಲಿಪಿಯಲ್ಲಷ್ಟೇ ಸರಾಗವಾಗಿ ಓದುವ ಪೀಳಿಗೆಯೊಂದು ರೂಪುಗೊಳ್ಳುವುದು ಅಸಹಜವಲ್ಲ. ಬೆಳವಣಿಗೆಯ ಸಾಹಿತ್ಯಕ್ಕೆ ಈ ವ್ಯಕ್ತಿ ಅರ್ಥವಾಗುವುದಿಲ್ಲ. ಅವನು ಪಟ್ಟಿಯಲ್ಲಿದ್ದರೆ ‘ನಿಷ್ಕ್ರಿಯ’. ಪಟ್ಟಿಯನ್ನು ಆಗಾಗ ಶುಚಿಗೊಳಿಸಿ ಇಂಥವರನ್ನು ತೆಗೆದುಹಾಕಿ ಎಂಬುದು ಅದರ ಪ್ರಸಿದ್ಧ ಸಲಹೆ. ಅಂಚೆಯ ತಾಂತ್ರಿಕ ಆರೋಗ್ಯದ ದೃಷ್ಟಿಯಿಂದ ಅದು ಸರಿಯಿರಬಹುದು. ಗಡಿನಾಡಿನ ಸಂಘಕ್ಕೆ ಮಾತ್ರ, ಯಾರಿಗಾಗಿ ಪತ್ರಿಕೆ ಹುಟ್ಟಿತೋ ಅವನನ್ನೇ ಹೊರಗೆ ಹಾಕಿದಂತಾಗುತ್ತದೆ.

ಇಲ್ಲಿ ‘ಆಡಿಯನ್ಸ್’ ಪದದ ಮರೆತ ಅರ್ಥ ಉಪಯೋಗಕ್ಕೆ ಬರುತ್ತದೆ. ಕನ್ನಡದ ಪುರಾಣವಾಚನ ಮತ್ತು ಗಮಕ ಪರಂಪರೆಯಲ್ಲಿ ಓದುವವನು ಒಬ್ಬ, ಅರ್ಥ ಹೇಳುವವನು ಇನ್ನೊಬ್ಬ, ಕೇಳುವವರು ಹಲವರು. ಪಾರ್ತಿಸುಬ್ಬನ ಕುಂಬಳೆಯ ಸೀಮೆಯಲ್ಲಿ ಇಂದಿಗೂ ಜೀವಂತವಾಗಿರುವ ತಾಳಮದ್ದಳೆಯ ಕೂಟದಲ್ಲಿ ಮನೆಯಲ್ಲಿ ತುಳು, ಮಲಯಾಳ, ಕೊಂಕಣಿ, ಮರಾಠಿ ಆಡುವವರು ಅರ್ಥಧಾರಿಯ ಗ್ರಾಂಥಿಕ ಕನ್ನಡವನ್ನು ಗಂಟೆಗಟ್ಟಲೆ ಕೇಳುತ್ತಾರೆ, ತರ್ಕದ ಎಳೆ ತಪ್ಪಿದರೆ ಗುರುತಿಸುತ್ತಾರೆ. ಅವರನ್ನು ಯಾವ ಪಟ್ಟಿಯೂ ಸಂಗ್ರಹಿಸಿಲ್ಲ. ಮಾತು ಸರಳವಾಗಿದ್ದರೆ ಮಾತ್ರ ಜನ ಬರುತ್ತಾರೆ ಎಂಬ ಉಪದೇಶವನ್ನೂ ಆ ಕೂಟ ಸುಳ್ಳಾಗಿಸುತ್ತದೆ. ಅಲ್ಲಿ ಭಾಷೆಯ ಕ್ಲಿಷ್ಟತೆ ತಡೆಯಾಗಿಲ್ಲ. ಲಿಪಿಯ ತಡೆಯಂತೂ ಇಲ್ಲವೇ ಇಲ್ಲ.

ಹಾಗೆಂದು ಧ್ವನಿಮುದ್ರಿಕೆಯೇ ಪರಿಹಾರವೆಂದರೆ ಇನ್ನೊಂದು ಉಪದೇಶವಾದೀತು. ಕೇಳುವಿಕೆಯನ್ನೇ ನಂಬಿ ಅಕ್ಷರವನ್ನು ಕೈಬಿಟ್ಟ ಭಾಷೆ ಪ್ರದರ್ಶನಕಲೆಯಾಗಿ ಉಳಿದೀತು; ಅರ್ಜಿ, ಶಾಸ್ತ್ರ, ವಾದಗಳ ಭಾಷೆಯಾಗಿ ಉಳಿಯಲಾರದು. ಭಾಷಾ ಅಲ್ಪಸಂಖ್ಯಾತರಿಗೆ ಮನವಿಪತ್ರವೂ ಪಠ್ಯಪುಸ್ತಕವೂ ಬೇಕಾಗಿರುವುದರಿಂದ ಈ ಆಕ್ಷೇಪವನ್ನು ಲಘುವಾಗಿ ಕಾಣುವಂತಿಲ್ಲ. ಗಳಗನಾಥರ ಮಾದರಿ ಇಲ್ಲಿಯೂ ನೆರವಾಗುತ್ತದೆ: ಬಲ್ಲ ದಾರಿಯಿಂದ ಕರೆತಂದು ಅರಿಯದ ಊರಿಗೆ ಮುಟ್ಟಿಸುವುದು. ಪ್ರತಿ ಸಂಚಿಕೆಯ ಮುಖ್ಯ ಬರಹವನ್ನು ಸ್ಪಷ್ಟವಾಗಿ ಓದಿಸಿದ ಧ್ವನಿ, ಅದರ ಜೊತೆಗೇ ಕಣ್ಣೆದುರಿಗೆ ಕನ್ನಡ ಲಿಪಿಯ ಪಾಠ, ಮೊದಲ ಕಂಡಿಕೆಗೆ ಮಾತ್ರ ನೆರೆಭಾಷೆಯ ಲಿಪಿಯಲ್ಲಿ ಪ್ರವೇಶಿಕೆ. ಇಂಥ ವಿನ್ಯಾಸ ಕೇಳುಗನನ್ನು ಕೇಳುಗನಾಗಿಯೇ ನಿಲ್ಲಿಸದೆ ಓದಿನತ್ತ ಒಯ್ಯಬಲ್ಲದು.

೫

ಕೆಲ್ಲಿಯ ಸಾವಿರ ಆಕರ್ಷಕ ಸಂಖ್ಯೆ. ಗಡಿನಾಡಿನ ಪತ್ರಕ್ಕೆ ಮುನ್ನೂರು ಹೆಸರುಗಳ ಪಟ್ಟಿ ಇದೆಯೆಂದುಕೊಂಡರೆ, ಅದನ್ನು ಆರುನೂರು ಮಾಡುವ ಸುಲಭದ ದಾರಿ ಬೆಂಗಳೂರಿನ ಓದುಗರನ್ನು ಸೇರಿಸುವುದು. ಆ ಓದುಗರು ಸ್ವಾಗತಾರ್ಹರೇ. ಅವರ ಚಂದಾಹಣ ಪತ್ರವನ್ನು ನಡೆಸಲೂಬಹುದು. ಆದರೆ ಪತ್ರದ ವಿಷಯ, ಧಾಟಿ, ಆತಂಕಗಳು ಕ್ರಮೇಣ ಅವರತ್ತ ವಾಲಿ, ಗಡಿನಾಡು ಮರುಕಕ್ಕೋ ಕೌತುಕಕ್ಕೋ ವಸ್ತುವಾಗುವ ಅಪಾಯವಿದೆ. ಆಗ ಸಂಖ್ಯೆ ದ್ವಿಗುಣಗೊಂಡರೂ ಅಕ್ಕಲಕೋಟೆಯ ಓದುಗನ ಪಾಲಿಗೆ ಪತ್ರಿಕೆ ಸತ್ತಿರುತ್ತದೆ. ಇದಕ್ಕೆ ಬದಲಾಗಿ ಎಣಿಸಬೇಕಾದವು ಬೇರೆ: ಎಷ್ಟು ಜನ ಮರುಪತ್ರ ಬರೆದರು, ಎಷ್ಟು ಶಾಲೆಗಳಲ್ಲಿ ಪತ್ರವನ್ನು ಗಟ್ಟಿಯಾಗಿ ಓದಲಾಯಿತು, ಕಳೆದ ವರ್ಷ ಕೇಳುಗನಾಗಿದ್ದವನು ಈ ವರ್ಷ ನಾಲ್ಕು ಸಾಲು ಕನ್ನಡದಲ್ಲಿ ಬರೆದು ಕಳಿಸಿದನೇ. ಇವುಗಳಲ್ಲಿ ಯಾವುದನ್ನೂ ಯಾವ ವೇದಿಕೆಯ ಫಲಕವೂ ತೋರಿಸುವುದಿಲ್ಲ. ಒಬ್ಬ ಮನುಷ್ಯ ಕುಳಿತು ಲೆಕ್ಕ ಇಡಬೇಕಾಗುತ್ತದೆ.

ಬೆಳವಣಿಗೆಯ ಉಪದೇಶಸಾಹಿತ್ಯದಿಂದ ಗಡಿನಾಡಿನ ಪತ್ರಿಕೆಗಳು ಪಡೆಯಬೇಕಾದದ್ದು ನಿಯತಕಾಲಿಕತೆಯ ಶಿಸ್ತು, ಪಟ್ಟಿಯ ಒಡೆತನ, ಓದುಗನ ಮರುನುಡಿಗೆ ಬಾಗಿಲು ತೆರೆದಿಡುವ ಸೌಜನ್ಯ. ಬಿಡಬೇಕಾದದ್ದು, ಓದುಗ ಮೊದಲೇ ಸಿದ್ಧನಾಗಿದ್ದಾನೆಂಬ ಅದರ ನಂಬಿಕೆಯನ್ನು. ಕನ್ನಡ ಶಾಲೆಯೊಂದರಲ್ಲಿ ಒಂದನೆಯ ತರಗತಿಗೆ ಈ ಜೂನ್‌ನಲ್ಲಿ ಎಷ್ಟು ಮಕ್ಕಳು ಸೇರಿದರು ಎಂಬ ಸಂಖ್ಯೆಯೇ ಹದಿನೈದು ವರ್ಷಗಳ ನಂತರದ ಸುದ್ದಿಪತ್ರದ ಚಂದಾದಾರರ ಸಂಖ್ಯೆಗೆ ಮೇಲ್ಮಿತಿ. ಆ ಸಂಖ್ಯೆಯ ಬಗ್ಗೆ ಮೌನವಾಗಿರುವ ಯಾವ ಕೈಪಿಡಿಯೂ ಗಡಿನಾಡಿನ ಸಂಪಾದಕನಿಗೆ ಪೂರ್ಣ ಕೈಪಿಡಿಯಾಗಲಾರದು.