ಗುಂಡು ನುಂಗುವ ಮಣ್ಣು

ಕಮರ್ಷಿಯಲ್ ಸ್ಟ್ರೀಟ್‌ನಲ್ಲಿ ಸೀರೆ ಆರಿಸುತ್ತ ನಿಂತವರಿಗೆ ಕೋಟೆಯ ನೆನಪು ಬರುವುದಕ್ಕೆ ಕಾರಣವೇ ಇಲ್ಲ. 1809ರಲ್ಲಿ ಶ್ರೀರಂಗಪಟ್ಟಣದಿಂದ ಬಂದ ಬ್ರಿಟಿಷ್ ದಂಡು ಇಲ್ಲಿನ ಬಯಲಲ್ಲಿ ನೆಲೆಯೂರಿತು, ಸುತ್ತ ಗೋಡೆ ಎಬ್ಬಿಸಲಿಲ್ಲ. ಗೋಡೆಯಿದ್ದ ಬೆಂಗಳೂರು ಬೇಕೆಂದರೆ ಕಬ್ಬನ್ ಪಾರ್ಕ್ ದಾಟಿ ಹಡ್ಸನ್ ಸರ್ಕಲ್ ಕಡೆಗೆ ನಡೆಯಬೇಕು. ನಾನು ಎಷ್ಟೋ ಭಾನುವಾರ ಹಾಗೆ ನಡೆದಿದ್ದೇನೆ. ಹಲಸೂರು ಗೇಟ್ ಎಂಬ ಹೆಸರು ಪೊಲೀಸ್ ಠಾಣೆಯ ಫಲಕದಲ್ಲಿ ಉಳಿದಿದೆ. ಬಾಗಿಲೂ ಇಲ್ಲ, ಗೋಡೆಯೂ ಇಲ್ಲ.

ಕೆಂಪೇಗೌಡರು ಕಟ್ಟಿಸಿದ ಪೇಟೆಗೆ ಇದ್ದುದು ಮಣ್ಣಿನ ಕೋಟೆ. ಜೊತೆಗೆ ಕಂದಕ, ಮುಳ್ಳುಕಂಟಿಯ ದಟ್ಟ ಬೇಲಿ. ಮಣ್ಣಿನದು ಎಂದೊಡನೆ ಮೂಗು ಮುರಿಯುವವರು 1791ರ ಮಾರ್ಚ್ ತಿಂಗಳನ್ನು ನೆನೆಯಬೇಕು. 7ರಂದು ಟಿಪ್ಪುವಿನ ವಿರುದ್ಧ ಬಂದ ಕಾರ್ನ್‌ವಾಲಿಸನ ಬ್ರಿಟಿಷ್ ಸೈನ್ಯ ಪೇಟೆಯ ಮೇಲೆ ಬಿದ್ದಾಗ ಗುರಿಯಿಟ್ಟದ್ದು ಬಾಗಿಲಿಗೆ. ಸಣ್ಣ ತೋಪುಗಳಿಗೆ ಅದು ಜಗ್ಗದೆ ದೊಡ್ಡ ತೋಪುಗಳನ್ನು ಎಳೆತರಬೇಕಾಯಿತು. ಫಿರಂಗಿ ದಳದ ಮೂರ್‌ಹೌಸ್ ಅಲ್ಲೇ ಸತ್ತ. ಎರಡು ವಾರದ ಬಳಿಕ, 21ರ ರಾತ್ರಿ, ಹೈದರ್ ಮತ್ತು ಟಿಪ್ಪು ಕಲ್ಲಿನಿಂದ ಬಲಪಡಿಸಿದ್ದ ದಕ್ಷಿಣದ ಕೋಟೆಗೆ ಅದೇ ಸೈನ್ಯ ನುಗ್ಗಿತು. ಅಲ್ಲಿ ದಾರಿಯಾದದ್ದು ಗುಂಡೇಟಿಗೆ ಕುಸಿದ ಗೋಡೆ.

ಕಲ್ಲು ಏಟಿಗೆ ಬಿರಿಯುತ್ತದೆ, ಚೂರಾಗಿ ಸಿಡಿಯುತ್ತದೆ. ದಪ್ಪ ಮಣ್ಣು ಗುಂಡನ್ನು ಒಳಗೆಳೆದುಕೊಂಡು ಸುಮ್ಮನಾಗುತ್ತದೆ. 1805ರಲ್ಲಿ ರಾಜಸ್ಥಾನದ ಭರತಪುರದ ಮಣ್ಣಿನ ಕೋಟೆಯನ್ನು ಬ್ರಿಟಿಷ್ ಸೇನಾಪತಿ ಲಾರ್ಡ್ ಲೇಕ್ ನಾಲ್ಕು ಸಲ ಏರಿ ಹೋದ, ನಾಲ್ಕು ಸಲವೂ ಹಿಮ್ಮೆಟ್ಟಿದ.

ಇಂಥ ಗೋಡೆಯನ್ನು ಗೆಲ್ಲುವುದು ಮಳೆ, ಮತ್ತು ನಮ್ಮದೇ ಗುದ್ದಲಿ. ಹತ್ತೊಂಬತ್ತನೇ ಶತಮಾನದಲ್ಲಿ ಊರು ಬೆಳೆದಾಗ ಪೇಟೆಯ ಗೋಡೆಯನ್ನು ನೆಲಸಮ ಮಾಡಿ ಕಂದಕ ಮುಚ್ಚಿದರು. ಮಣ್ಣಿನ ಕೋಟೆಯ ಲೆಕ್ಕ ಬಲು ನೇರ: ಕಂದಕ ತೋಡಿದ ಮಣ್ಣೇ ಗೋಡೆ, ಗೋಡೆ ತಳ್ಳಿದರೆ ಮತ್ತೆ ಕಂದಕ ತುಂಬುತ್ತದೆ.

ಹಾಗೆಂದು ಗುರುತು ಅಳಿಸಿಹೋಗುವುದಿಲ್ಲ. ಒಮ್ಮೆ ತೋಡಿದ ನೆಲ ಮೊದಲಿನಂತೆ ಕೂಡಿಕೊಳ್ಳುವುದೇ ಇಲ್ಲ. ಕಂದಕದ ತಳದಲ್ಲಿ ನೀರು ನಿಂತು ಕೂತ ಹೂಳು ಕಪ್ಪಾಗಿ, ನಯವಾಗಿ ಬೇರೆಯೇ ಕಾಣುತ್ತದೆ; ತುಳಿದು ಗಟ್ಟಿ ಮಾಡಿದ ಮಣ್ಣು ಪದರ ಪದರವಾಗಿ ಬಿಚ್ಚಿಕೊಳ್ಳುತ್ತದೆ. ಒಡಿಶಾದ ಶಿಶುಪಾಲಗಢದಲ್ಲಿ 1948ರಲ್ಲಿ ಪುರಾತತ್ವಜ್ಞ ಬಿ.ಬಿ. ಲಾಲ್ ಕೋಟೆಯ ದಿಬ್ಬವನ್ನು ಅಡ್ಡಲಾಗಿ ಸೀಳಿದಾಗ ಕೆಳಗೆ ಜೇಡಿಮಣ್ಣಿನ ಗೋಡೆ, ಮೇಲೆ ಜಂಬಿಟ್ಟಿಗೆ ಕಲ್ಲಿನ ಜಲ್ಲಿಯ ಹಾಸು, ಅದಕ್ಕೂ ಮೇಲೆ ಇಟ್ಟಿಗೆ ಗೋಡೆ ಕಂಡವು. ಶತಮಾನಗಳ ದುರಸ್ತಿಯ ಕಥೆ ಒಂದೇ ಸೀಳಿನಲ್ಲಿ ಸಿಕ್ಕಿತು. ಕೋಟೆಯ ಹೆಬ್ಬಾಗಿಲಿಗಿಂತ ನನಗೆ ಇಂಥ ಸೀಳೇ ಹೆಚ್ಚು ಪ್ರಿಯ.

ನಮ್ಮ ಪೇಟೆಯ ಅಂಚಿನಲ್ಲಿ ಚರಂಡಿಗೆ, ಕೇಬಲ್‌ಗೆ, ನೆಲಮಾಳಿಗೆಗೆ ಅಗೆತ ನಿಲ್ಲುವುದೇ ಇಲ್ಲ. ಹಲಸೂರು ಗೇಟ್ ಸುತ್ತ ಗುಂಡಿ ತೋಡುವವರು, ಪಕ್ಕದ ಮಣ್ಣಿನಲ್ಲಿ ಬಣ್ಣ ಬದಲಾದ ಪಟ್ಟೆ ಕಂಡರೆ, ಕಾಂಕ್ರೀಟು ಸುರಿಯುವ ಮುನ್ನ ಪುರಾತತ್ವ ಇಲಾಖೆಗೆ ಒಂದು ಫೋನ್ ಮಾಡಿ.