ಲ್ಯಾವೆಲ್ಲೆ ರಸ್ತೆಯ ಹಸಿರು ಬಿಯರ್

ಮಾರ್ಚ್ 17 ಬಂದ್ರೆ ಬೆಂಗಳೂರಿನ ಪಬ್‌ಗಳಲ್ಲಿ ಹಸಿರು ಬಿಯರ್, ಹಸಿರು ಟೋಪಿ. ಐರಿಷ್ ಪರಂಪರೆಯ ಹಬ್ಬವಂತೆ! ಕುಡೀರಿ, ಬೇಡ ಅನ್ನಲ್ಲ. ಆದರೆ ಈ ಹಬ್ಬದಲ್ಲಿ ಪರಂಪರೆ ಎಲ್ಲಿದೆ? ಲ್ಯಾವೆಲ್ಲೆ ರಸ್ತೆಯ ಹೆಸರೇ ಒಬ್ಬ ಐರಿಷ್ ಸೈನಿಕನದು. 1870ರ ದಶಕದಲ್ಲಿ ಕೋಲಾರದ ಚಿನ್ನ ಅಗೆಯಲು ಮೈಸೂರು ಸರ್ಕಾರದ ಪರವಾನಗಿ ಪಡೆದವನು. ಅವನ ಹೆಸರು ಬೋರ್ಡಿನಲ್ಲಿ ಉಳೀತು. ಉತ್ತರ ಆರ್ಕಾಟ್, ಚಿತ್ತೂರಿನಿಂದ ಬಂದು ಸುರಂಗಕ್ಕಿಳಿದವರ ಹೆಸರು ಯಾರಿಗೆ ಗೊತ್ತು?

1845ರ ಕ್ಷಾಮದಲ್ಲಿ ಹೊಟ್ಟೆಪಾಡಿಗೆ ಊರು ಬಿಟ್ಟವರ ನೆನಪು ಐರಿಷ್ ವಲಸಿಗರಿಗೆ ದೊಡ್ಡದು. ಆ ಲೆಕ್ಕದಲ್ಲಿ ಅವರಿಗೆ ಹತ್ತಿರದ ನೆಂಟರು ಲ್ಯಾವೆಲ್ಲೆ ಅಲ್ಲ, ನಮ್ಮ ಕೆಜಿಎಫ್ ಕಾರ್ಮಿಕರು. 2001ರಲ್ಲಿ ಗಣಿ ಮುಚ್ಚಿತು. ಅವರ ಮಕ್ಕಳು ಈಗ ಮಾರಿಕುಪ್ಪಂನಿಂದ ಬೆಳಗಿನ ರೈಲು ಹತ್ತಿ ಬೆಂಗಳೂರಿಗೆ ದುಡಿಯೋಕೆ ಬರ್ತಾರೆ. ಹಬ್ಬಕ್ಕೆ ನಿಲ್ಲೋಕಾಗಲ್ಲ, ಸಂಜೆ ರೈಲು ತಪ್ಪುತ್ತೆ.