ನೆಲ ಬರೆದ ನಕ್ಷೆ

ಜಪಾನಿನ ಕೋಟೆಯೆಂದೊಡನೆ ನಮಗೆ ನೆನಪಾಗುವುದು ಕ್ಯಾಲೆಂಡರಿನ ಚಿತ್ರ: ಚೆರ್ರಿ ಹೂಗಳ ಮೇಲೆ ತಲೆಯೆತ್ತಿದ ಬಿಳಿಯ ಗೋಪುರ. ಅದರ ಅಂದವನ್ನು ಕೊಂಡಾಡಿದವರು ಬಹಳ ಮಂದಿ. ಆದರೆ ಅಡಿಯ ನೆಲವನ್ನು ಗಮನಿಸದೆ ಮಾಡಿದ ಹೊಗಳಿಕೆ ಅರೆವಿಮರ್ಶೆಯೆಂದೇ ನನ್ನ ಅಭಿಮತ. ಈ ಕೋಟೆಗಳ ನಕ್ಷೆಯನ್ನು ಮೊದಲು ಬರೆದದ್ದು ನೆಲ. ಶಿಲ್ಪಿ ಅದನ್ನು ತಿದ್ದಿದನಷ್ಟೆ.

ಜಪಾನೀಯರು ಕೋಟೆಗಳನ್ನು ಬೆಟ್ಟದ ಕೋಟೆ, ಬಯಲ ನಡುವಣ ಗುಡ್ಡದ ಕೋಟೆ, ಬಯಲುಕೋಟೆ ಎಂದು ಮೂರು ಬಗೆಯಾಗಿ ಎಣಿಸುತ್ತಾರೆ. ಒಂದೊಂದಕ್ಕೂ ಒಂದು ನಿದರ್ಶನ ನೋಡೋಣ.

ಹಳೆಯ ಗೋಪುರ ಉಳಿದಿರುವ 12 ಕೋಟೆಗಳಲ್ಲಿ ಅತಿ ಎತ್ತರದಲ್ಲಿರುವುದು ಬಿಚ್ಚೂ ಮಾತ್ಸುಯಾಮ. ಸಮುದ್ರಮಟ್ಟದಿಂದ ಸುಮಾರು 430 ಮೀಟರು ಮೇಲಿದ್ದರೂ ಗೋಪುರಕ್ಕೆ ಎರಡೇ ಅಂತಸ್ತು. ಬೆಟ್ಟದ ಬಂಡೆಗಳನ್ನೇ ಗೋಡೆಯ ಬುನಾದಿಯಾಗಿ ಬಳಸಿಕೊಂಡಿದ್ದಾರೆ. ಎತ್ತರವನ್ನು ಬೆಟ್ಟವೇ ಕೊಟ್ಟಿರುವಾಗ ಅಂತಸ್ತುಗಳೇಕೆ? ಈ ಮಿತವ್ಯಯ ಮೆಚ್ಚತಕ್ಕದ್ದು.

ಹಿಮೇಜಿಯ ಗುಡ್ಡ ಸುಮಾರು 45 ಮೀಟರು ಮಾತ್ರ. 1601ರಿಂದ 1609ರವರೆಗೆ ಇಕೇದ ತೆರುಮಾಸ ಅದರ ಮೇಲೆ, ಕಲ್ಲಿನ ಪೀಠವೂ ಸೇರಿ, ಅಷ್ಟೇ ಎತ್ತರದ ಗೋಪುರವನ್ನು ನಿಲ್ಲಿಸಿದ. ಗುಡ್ಡದ ಏರಿಳಿತವನ್ನನುಸರಿಸಿ ದಾರಿ ಸುತ್ತಿ ಬಳಸಿ ಸಾಗುತ್ತದೆ. ಗೋಪುರದ ಹತ್ತಿರ ಬಂದಾಗ ಇಳಿಜಾರಾಗಿ, ದಾರಿ ತಪ್ಪಿತೇನೋ ಎಂಬ ಭ್ರಮೆ ಹುಟ್ಟಿಸುತ್ತದೆ. ಕಲ್ಲಿನ ಗೋಡೆಯೂ ಬಿಡಿಯಾಗಿ ನಿಂತದ್ದಲ್ಲ. ಕಡಿದ ಮಣ್ಣಿಗೆ ಗಾರೆಯಿಲ್ಲದೆ ಹೊದಿಸಿದ ಹೊದಿಕೆ. ಹಿಂದೆ ತುಂಬಿದ ಸಣ್ಣ ಕಲ್ಲುಗಳ ನಡುವೆ ಮಳೆನೀರು ಬಸಿದು ಹೋಗುತ್ತದೆ.

ಮಾತ್ಸುಮೋತೋದಲ್ಲಿ ಗುಡ್ಡವಿಲ್ಲ, ಮೆತ್ತನೆಯ ನೀರುನೆಲ. ಆ ನೀರೇ ಅಗಲವಾದ ಕಂದಕಗಳಾಗಿ, ಕೋವಿ ಹಿಡಿದ ಶತ್ರುವನ್ನು ದೂರವಿಟ್ಟಿತು. ಆದರೆ ಗೋಪುರದ ಭಾರ ಹೊರಲು ಪೀಠದೊಳಗೆ 16 ಮರದ ಕಂಬಗಳನ್ನು ಹುದುಗಿಸಬೇಕಾಯಿತು. ಮುಂದೆ ಗೋಪುರ ವಾಲಿತು. 1686ರಲ್ಲಿ ಕಂದಾಯದ ಹೊರೆಯ ವಿರುದ್ಧ ದನಿಯೆತ್ತಿ ಮರಣದಂಡನೆಗೊಳಗಾದ ತಾದ ಕಾಸುಕೆಯ ಶಾಪವೇ ಇದಕ್ಕೆ ಕಾರಣವೆಂದು ಜನ ನಂಬಿದರು. 1950ರಲ್ಲಿ ಆರಂಭವಾದ ದುರಸ್ತಿಯಲ್ಲಿ ನಿಜ ಹೊರಬಿತ್ತು: ಕಂಬಗಳು ಕೊಳೆತಿದ್ದವು. ಶಾಪ ಸುಳ್ಳಾಯಿತು, ಅನ್ಯಾಯ ಸುಳ್ಳಾಗಲಿಲ್ಲ. ಆಳುವ ಅನುಕೂಲಕ್ಕಾಗಿ ಬಯಲಿಗಿಳಿದ ಕೋಟೆ ರೈತನ ಗದ್ದೆಯ ಮಗ್ಗುಲಲ್ಲೇ ನಿಂತಿತ್ತು. ಅದು ವಾಲಿದ್ದನ್ನು ಅವನು ದಿನವೂ ನೋಡಬಲ್ಲವನಾಗಿದ್ದ.

ಇಷ್ಟು ತಿಳಿದ ಮೇಲೆ ಒಸಾಕದ ಗೋಪುರ ನನಗೆ ಸಪ್ಪೆಯೆನಿಸುತ್ತದೆ. ಅದು 1931ರಲ್ಲಿ ಕಾಂಕ್ರೀಟಿನಿಂದ ಕಟ್ಟಿದ್ದು, ಒಳಗೆ ಲಿಫ್ಟೂ ಇದೆ. ಸುತ್ತಲಿನ ಕಲ್ಲುಗೋಡೆಗಳಾದರೋ 17ನೆಯ ಶತಮಾನದವು. ಗೋಪುರವನ್ನು ಎಲ್ಲಿ ಬೇಕಾದರೂ ಮತ್ತೆ ಕಟ್ಟಬಹುದು. ನೆಲಕ್ಕೂ ಗೋಡೆಗೂ ಇರುವ ನಂಟನ್ನು ಹಾಗೆ ಕಟ್ಟಲಾಗದು. ನಮ್ಮವರು ಯಾರಾದರೂ ಅಲ್ಲಿಗೆ ಹೋದರೆ, ಫೋಟೋ ತೆಗೆಯುವ ಮುನ್ನ ಒಂದು ಗಳಿಗೆ ತಲೆ ತಗ್ಗಿಸಿ ನೋಡಲಿ.